ಯಾರೂ ಕಾಣದ ಹೂವು

ಯಾರೂ ನೋಡದ ಕಡೆಯಲ್ಲಿ ಮಾಡಿದ ಒಳ್ಳೇ ಕೆಲಸವು ವ್ಯರ್ಥವಾಗುವದೋ? ಒಂದು ಚಿಕ್ಕ ಹೂವಿನ ಸಂಗತಿಯಿಂದ ಇದನ್ನು ಯೋಚಿಸೋಣ.

ಸ್ವಿಟ್ಜರ್ಲೆಂಡ್ ದೇಶದ ಆಲ್ಪ್ಸ್ ಪರ್ವತಗಳಲ್ಲಿ ಡೋಮ್ ಎಂಬ ಶಿಖರವುಂಟು. ಅದರ ಎತ್ತರವು 4,545 ಮೀಟರು. ತುದಿಯಿಂದ ಕೇವಲ 40 ಮೀಟರು ಕೆಳಗೆ, ಬಂಡೆಗಳ ನಡುವೆ, ಸಾಕ್ಸಿಫ್ರಾಗ ಒಪ್ಪೊಸಿಟಿಫೋಲಿಯ ಎಂಬ ಗಿಡವು ನೆಲಕ್ಕೆ ಅಂಟಿಕೊಂಡು ಬೆಳೆಯುವದು. ಅದರ ಚಿಕ್ಕ ಎಲೆಗಳು ಎದುರೆದುರಾಗಿ ಒತ್ತಾಗಿ ಕೂಡಿಕೊಂಡಿರುವವು. ಹೂವಿನ ಬಣ್ಣವು ನೇರಳೆ. ಬಾಸೆಲ್ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರಾದ ಕ್ರಿಸ್ಟಿಯನ್ ಕೋರ್ನರ್ ಎಂಬವರು 2008-09ರಲ್ಲಿ ಅಲ್ಲಿ ಉಷ್ಣಮಾಪಕವನ್ನು ಇಡಿಸಿ ನೋಡಲಾಗಿ, ವರುಷವೆಲ್ಲಾ ಸೇರಿ ಸುಮಾರು 600 ತಾಸು ಮಾತ್ರ ಉಷ್ಣತೆಯು 3 ಡಿಗ್ರಿಯನ್ನು ದಾಟಿತೆಂದು ತಿಳಿದುಬಂದಿತು. ಬೇಸಿಗೆಯಲ್ಲಿಯೂ ಆ ಗಿಡವು ರಾತ್ರಿಯಲ್ಲಿ ಹೆಪ್ಪುಗಟ್ಟುವದು. ಬಿಸಿಲು ಬಿದ್ದ ಕೆಲವು ತಾಸುಗಳೊಳಗೆ ತನ್ನ ಕೆಲಸವನ್ನೆಲ್ಲಾ ನಡಿಸಬೇಕು. ಮೊಗ್ಗುಗಳನ್ನು ಹಿಂದಿನ ವರುಷವೇ ಸಿದ್ಧಮಾಡಿಟ್ಟು, ಹಿಮ ಕರಗಿದ ಕೂಡಲೆ ಅರಳಿಸುವದು.

"ಇಷ್ಟು ಕಷ್ಟಪಟ್ಟು ಅರಳುವದು ಯಾರಿಗೋಸ್ಕರ?" ಎಂದು ಒಬ್ಬನು ಕೇಳಬಹುದು. ಪರ್ವತವನ್ನು ಹತ್ತುವವರು ಶಿಖರವನ್ನು ನೋಡುತ್ತಾ ಹೋಗುವರೇ ಹೊರತು ಬಂಡೆಯ ಸಂದನ್ನು ನೋಡುವದು ವಿರಳ. ಆದರೆ ಪಂಡಿತರ ಕಣ್ಣಿಗೆ ಬಿದ್ದ ದಿನದಿಂದಲೇ ಆ ಹೂವು ಅಂದವುಳ್ಳದ್ದಾಯಿತೋ? ಇಲ್ಲ, ಅದಕ್ಕೆ ಮುಂಚೆಯೂ ಅದು ಹಾಗೆಯೇ ಇತ್ತು. ನಮ್ಮ ನೋಟವು ಒಳ್ಳೇದನ್ನು ಕಂಡುಕೊಳ್ಳುವದೇ ಹೊರತು ಅದನ್ನು ಉಂಟುಮಾಡುವದಿಲ್ಲ.

ಆದರೂ ಮನುಷ್ಯನು ಹೂವಲ್ಲ. ಹೂವಿಗೆ ಹೊಗಳಿಕೆಯ ಆಶೆಯಿಲ್ಲ, ನಮಗುಂಟು. ಹಾಸಿಗೆ ಹಿಡಿದ ಅತ್ತೆಯನ್ನು ರಾತ್ರಿಯೆಲ್ಲಾ ಎಚ್ಚರವಿದ್ದು ಆರೈಕೆಮಾಡುವ ಸೊಸೆಯು, "ನನ್ನ ಶ್ರಮವನ್ನು ಬಲ್ಲವರಾರು?" ಎಂದು ನೊಂದುಕೊಂಡರೆ ಅದನ್ನು ತಪ್ಪೆನ್ನಲಾಗದು. ಅವಳು ಕೊಟ್ಟ ನೀರಿನಿಂದ ಆ ಮುದುಕಿಯ ದಾಹವು ತೀರಿತಲ್ಲವೇ? ನೋಡುವವರು ಇಲ್ಲದ್ದರಿಂದ ಅದು ತೀರದೆ ಹೋಗಲಿಲ್ಲ. ಕೆಲಸದ ಬೆಲೆಯು ಅಲ್ಲಿಯೇ ಇರುವದು.

ಆದರೆ, "ದೇವರು ಕಾಣುತ್ತಾನಮ್ಮಾ" ಎಂದು ಅವಳಿಗೆ ಹೇಳಿ ನಾವು ಹಾಯಾಗಿ ಮಲಗಿಕೊಳ್ಳುವದು ನ್ಯಾಯವಲ್ಲ. ಕಾಣದ ಸೇವೆಗೆ ಬೆಲೆಯುಂಟೆಂದು ನಂಬುವವನು ತಾನೇ ಮೊದಲು ಅದನ್ನು ಹುಡುಕಿ ಕಾಣಬೇಕು. ಕಂಡ ಮೇಲೆ ಅದರ ಭಾರದಲ್ಲಿ ಪಾಲು ತಕ್ಕೊಳ್ಳಬೇಕು. ಸಹೋದರರೇ, ಈ ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡೆಗೆ ಮಲಗುವವರು ಯಾರೆಂದು ಎದ್ದು ನೋಡಿರಿ.