ತೂಬಿನ ಹತ್ತಿರದ ಗದ್ದೆ

ತೂಬಿನ ಸಮೀಪದಲ್ಲಿ ಗದ್ದೆಯುಳ್ಳವನಿಗೆ ಕೆರೆಯ ನೀರಿನಲ್ಲಿ ಹೆಚ್ಚಿನ ಹಕ್ಕು ಉಂಟೋ? “ನೀರು ನನ್ನ ಬದುವಿನ ಮಗ್ಗುಲಲ್ಲಿಯೇ ಹರಿಯುತ್ತದೆ, ನಾನು ಮೊದಲು ತುಂಬಿಸಿಕೊಂಡರೆ ಅದು ಕಳ್ಳತನವೋ?” ಎಂದು ಮೇಲಿನ ಗದ್ದೆಯವನು ಕೇಳುವನು. ಕಳ್ಳತನವೆಂದು ಹೇಳುವದು ಕಷ್ಟ. ಆದರೂ ಕೆಳಗಿನವನ ಪೈರು ಒಣಗುವದು.

ರಾಗಿಯು ಮಳೆಯನ್ನೇ ನಂಬಿ ಹೊಲದಲ್ಲಿ ಬೆಳೆಯುವದು. ಬತ್ತಕ್ಕಾದರೋ ನಾಟಿಯಾದಂದಿನಿಂದ ಕಾಳು ಕಟ್ಟುವ ತನಕ ಗದ್ದೆಯಲ್ಲಿ ನೀರು ಬೇಕು. ಬೆಂಗಳೂರಿನ ಸೀಮೆಯಲ್ಲಿ ವರುಷವೆಲ್ಲಾ ತುಂಬಿ ಹರಿಯುವ ಹೊಳೆಯಿಲ್ಲ. ಆದದರಿಂದ ಹಿರಿಯರು ತಗ್ಗುಗಳಿಗೆ ಅಡ್ಡವಾಗಿ ಏರಿ ಕಟ್ಟಿ ಮಳೆಯ ನೀರನ್ನು ನಿಲ್ಲಿಸಿ, ಒಂದು ಕೆರೆಯ ಕೋಡಿ ಹರಿದರೆ ಅದು ಮುಂದಿನ ಕೆರೆಗೆ ಇಳಿಯುವಂತೆ ಮಾಡಿದರು. ವಸಂತಪುರದ ಸಮೀಪದಲ್ಲಿ ದೊಡ್ಡಕಲ್ಲಸಂದ್ರ, ಸುಬ್ರಹ್ಮಣ್ಯಪುರ ಎಂಬ ಊರುಗಳ ಕೆರೆಗಳು ಇಂದಿಗೂ ಇವೆ.

ತೂಬು ತೆರೆದು ನೀರನ್ನು ಹಂಚುವವನಿಗೆ ನೀರಗಂಟಿ ಎಂದು ಹೆಸರು. ಅನೇಕ ಊರುಗಳಲ್ಲಿ ಇವನು ಊರ ಹೊರಗಿನ ಕೇರಿಯವನು. ಇದು ಆಲೋಚಿಸತಕ್ಕ ಸಂಗತಿ. ಊರ ಬಾವಿಯಲ್ಲಿ ಅವನ ಕೊಡವನ್ನು ಮುಳುಗಿಸಗೊಡದ ಜನರು, ತಮ್ಮ ಅನ್ನಕ್ಕೆ ಆಧಾರವಾದ ನೀರನ್ನೆಲ್ಲಾ ಅಳೆದುಕೊಡುವ ಕೆಲಸವನ್ನು ಅವನ ಕೈಗೇ ಒಪ್ಪಿಸಿದರು! ಯಾಕಂದರೆ ಕೆರೆಯ ಕೆಳಗೆ ಸ್ವಂತ ಗದ್ದೆಯಿಲ್ಲದವನು ಪಕ್ಷಪಾತ ಮಾಡಲಾರನೆಂದು ಅವರ ಎಣಿಕೆ. ಕೆಲವು ಕಡೆ ಅವನಿಗೆ ಇನಾಮು ಭೂಮಿಯಿತ್ತು. ಬೇರೆ ಕಡೆ ಸುಗ್ಗಿಯಲ್ಲಿ ಕಣದಿಂದ ಕೊಡುವ ಧಾನ್ಯವೇ ಕೂಲಿ. ಅವನ ಹಂಚಿಕೆ ನ್ಯಾಯವಾದದ್ದಾಗಿರಬಹುದು. ಆದರೆ ಆ ನ್ಯಾಯದ ಕ್ರಯವನ್ನು ಭೂಮಿಯಿಲ್ಲದ ಅವನೇ ತೆತ್ತನೆಂದು ನನಗೆ ತೋರುತ್ತದೆ.

ಸಿಂಹಳ ದ್ವೀಪದ ರೈತರಲ್ಲಿ ಇನ್ನೊಂದು ಕ್ರಮವುಂಟು. ಅದಕ್ಕೆ ಬೆತ್ಮಾ ಎಂದು ಹೆಸರು. ಕೆರೆಯಲ್ಲಿ ನೀರು ಕಡಿಮೆಯಾದ ವರುಷ ಅವರು ಕೆಳಗಿನ ಗದ್ದೆಗಳನ್ನು ಬಿಟ್ಟು, ತೂಬಿನ ಹತ್ತಿರದ ಭೂಮಿಯನ್ನು ಮಾತ್ರ ಉಳುವರು. ಆದರೆ ಆ ಭೂಮಿಯನ್ನು ಆ ಬೆಳೆಯ ಮಟ್ಟಿಗೆ ಎಲ್ಲರಿಗೂ ಪಾಲು ಮಾಡಿಕೊಡುವರು. ಮೇಲಿನವನ ಒಡೆತನವು ಅಳಿಯುವದಿಲ್ಲ, ಕೆಳಗಿನವನ ಮಕ್ಕಳು ಉಪವಾಸ ಬೀಳುವದೂ ಇಲ್ಲ. ಹತ್ತಿರವಿರುವದು ಹಕ್ಕಲ್ಲ, ಅನುಕೂಲ ಮಾತ್ರ ಎಂಬದನ್ನು ಅವರು ವಾದಿಸದೆ ನಡಿಸಿ ತೋರಿಸಿದರು.

ಈಗ ವಸಂತಪುರವು ಬೆಂಗಳೂರು ನಗರದೊಳಗೆ ಸೇರಿ, ಸುತ್ತಲೂ ಮನೆಗಳೆದ್ದಿವೆ. ವಂಶಪಾರಂಪರ್ಯದ ಗ್ರಾಮೋದ್ಯೋಗಗಳನ್ನು 1961ರ ಕಾಯಿದೆಯು ತೆಗೆದುಹಾಕಿತು. ಹಾಗಾದರೆ ನಮ್ಮ ಪ್ರಶ್ನೆಯು ತೀರಿತೋ? ತೀರಲಿಲ್ಲ; ಗದ್ದೆಗಳು ಸ್ಥಳ ಬದಲಾಯಿಸಿದವು, ಅಷ್ಟೇ. ನಗರವು ಕುಡಿಯುವ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಪುನಃ ಯಂತ್ರಗಳಿಂದ ಏರಿಸಲ್ಪಟ್ಟು, ಸುಮಾರು 100 ಕಿಲೋಮೀಟರು ದೂರವನ್ನೂ 500 ಮೀಟರಿನಷ್ಟು ಎತ್ತರವನ್ನೂ ದಾಟಿ ಬರುವದು. ತಾತಗುಣಿಯು ವಸಂತಪುರಕ್ಕೆ ದೂರವಲ್ಲ. ಅದೇ ನದಿಯಿಂದ ಮಂಡ್ಯದ ಗದ್ದೆಗಳೂ ಅವುಗಳಾಚೆ ತಂಜಾವೂರಿನ ಗದ್ದೆಗಳೂ ತೋಯಬೇಕು. ಪೂರ್ವದಲ್ಲಿ ತೂಬಿನ ಹತ್ತಿರವಿದ್ದವನು ಮೇಲಿನವನು. ಈಗ ಯಂತ್ರವುಳ್ಳವನೇ ಮೇಲಿನವನು.

2018ನೆಯ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲಿಗೆ 14.75 ಟಿಎಂಸಿ ಕೂಡಿಸಿ, ಅದರಲ್ಲಿ 4.75 ಟಿಎಂಸಿಯನ್ನು, ಅಂದರೆ 475 ಕೋಟಿ ಘನ ಅಡಿ ನೀರನ್ನು, ಬೆಂಗಳೂರಿನ ಕುಡಿಯುವ ಹಾಗೂ ಮನೆಬಳಕೆಯ ಅಗತ್ಯಕ್ಕೆಂದು ಕೊಟ್ಟಿತು. ತಮಿಳುನಾಡಿನ ಪಾಲು ಅಷ್ಟೇ ಕಡಿಮೆಯಾಯಿತು. ಬಾಯಾರಿಕೆಯು ಬೆಳೆಗಿಂತ ಮುಂಚಿನದೆಂಬದನ್ನು ಯಾವ ರೈತನು ಒಪ್ಪುವದಿಲ್ಲ? ಆದರೆ 2024ನೆಯ ಮಾರ್ಚಿಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ಕಾರು ತೊಳೆಯುವವರಿಗೂ ತೋಟಕ್ಕೆ ಹಾಯಿಸುವವರಿಗೂ 5,000 ರೂಪಾಯಿ ದಂಡವೆಂದು ನಗರದ ಜಲಮಂಡಲಿಯು ಆಜ್ಞೆ ಹೊರಡಿಸಬೇಕಾಯಿತು. ಬಾಯಾರಿಕೆಯ ಹೆಸರಿನಲ್ಲಿ ತಂದ ನೀರಿನಿಂದ ಕಾರು ತೊಳೆಯುವವನು, ತನ್ನ ಗದ್ದೆ ತುಂಬಿದ ಮೇಲೆಯೂ ಮಡೆಯನ್ನು ಮುಚ್ಚದೆ ಮನೆಗೆ ಹೋದ ಆ ಹಳೆಯ ರೈತನಿಗಿಂತ ಯಾವದರಲ್ಲಿ ಬೇರೆ? ಆ ರೈತನಿಗಾದರೂ ಕೆಳಗಿನವನ ಒಣಗಿದ ಪೈರು ಕಣ್ಣಿಗೆ ಕಾಣುತ್ತಿತ್ತು.