‘ಸಾಕು’ ಅನ್ನೋದು ಯಾರು?

ನಮ್ಮ ಕಡೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಕೆಲವು ಸಾಮಾನುಗಳ ಹೆಸರು ಬರೋದೇ ಇಲ್ಲ. ಸಕ್ಕರೆ, ಚಹಾಪುಡಿ, ಶೇಂಗಾ ಎಣ್ಣೆ, ತೊಗರಿಬೇಳೆ, ಬಟ್ಟೆ ಸಬಕಾರ ಎಲ್ಲ ಇರ್ತಾವೆ. ಸ್ಯಾನಿಟರಿ ಪ್ಯಾಡ್ ಇರೋದಿಲ್ಲ. ಊರಲ್ಲಿ ಯಾರೂ ಒಯ್ಯೋದಿಲ್ಲ ಅಂತಲ್ಲ. ಒಯ್ಯುತ್ತಾರೆ, ಪೇಪರಿನಲ್ಲಿ ಸುತ್ತಿಸಿಕೊಂಡು. ಅದರ ರೊಕ್ಕ ಮಾತ್ರ ಪುಸ್ತಕದಲ್ಲಿ ‘ಬಿಸ್ಕೀಟು’ ಅಂತಲೋ, ಅರ್ಧ ಕಿಲೋ ಹೆಚ್ಚಿನ ಸಕ್ಕರೆ ಅಂತಲೋ ಕೂತಿರುತ್ತದೆ. ಯಾಕಂದ್ರೆ ಪೀಕು ಮಾರಿದ ಮೇಲೆ ಲೆಕ್ಕ ಚುಕ್ತಾ ಮಾಡಲಿಕ್ಕೆ ಹೋಗೋದು ಮಾವ ಇಲ್ಲವೇ ಗಂಡ. ಸಾಲು ಸಾಲಾಗಿ ಬೆರಳಿಟ್ಟು ಓದಿ, ‘ಇದೇನ, ಇಷ್ಟ್ಯಾಕ ಬಂತು?’ ಅಂತ ಕೇಳೋದೂ ಅವರೇ. ಅಂಗಡಿಯವನಿಗೆ ಇದೆಲ್ಲ ಗೊತ್ತು. ಸುಮ್ಮನೆ ಬರೆದುಕೊಳ್ಳುತ್ತಾನೆ.

ಪ್ಯಾಡ್ ಮೇಲಿನ ಜಿಎಸ್‌ಟಿಯನ್ನು ಸರ್ಕಾರ 2018ರ ಜುಲೈನಲ್ಲೇ ಪೂರ್ತಿ ತೆಗೆಯಿತು. ಉದ್ರಿ ಪುಸ್ತಕದಲ್ಲಿ ಅದರ ಹೆಸರು ಬರೆಸೋದು ಅಷ್ಟು ಸುಲಭ ಅಲ್ಲ.

ಇದು ಸುಳ್ಳೇ? ಹೌದು, ಸುಳ್ಳೇ. ಕಳವೇ? ಅಲ್ಲಿ ನನಗೆ ಅನುಮಾನ. ಸಂತೆ ಚೀಟಿಯಲ್ಲಿ ಐದು ಕಿಲೋ ಅಂತ ಬರೆದು ನಾಲ್ಕು ಕಿಲೋ ತಂದು, ಉಳಿದದ್ದನ್ನು ಸಾಸಿವೆ ಡಬ್ಬಿಯೊಳಗೆ ಇಡುವ ಹೆಣ್ಣುಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ‘ಮನಿ ಮುರಿಯೋ ಬುದ್ಧಿ’ ಅಂತ ಹಿರಿಯರು ಬೈತಾರೆ. ಅದೇ ಹಿರಿಯರು ಮೊಮ್ಮಗನ ಪರೀಕ್ಷೆ ಫೀಗೆ ರೊಕ್ಕ ಕಡಿಮೆ ಬಿದ್ದಾಗ ಆ ಡಬ್ಬಿ ಕಡೆಗೇ ನೋಡ್ತಾರೆ.

ನಾವು ಐಟಿ ಮಂದಿ ಬಜೆಟ್ ಅಂದಕೂಡಲೇ ಎಕ್ಸೆಲ್ ತೆರೀತೀವಿ. 50-30-20 ಅನ್ನೋ ಸೂತ್ರ ಎಲ್ಲರಿಗೂ ಬಾಯಿಪಾಠ: ಸಂಬಳದ ಅರ್ಧ ಅಗತ್ಯಕ್ಕೆ, 30 ಬಯಕೆಗೆ, 20 ಉಳಿತಾಯಕ್ಕೆ. ಅಮೆರಿಕದ ಎಲಿಜಬೆತ್ ವಾರೆನ್ ತಮ್ಮ ಮಗಳ ಜೊತೆ 2005ರಲ್ಲಿ ಬರೆದ ಪುಸ್ತಕದಿಂದ ಇದು ಜನಪ್ರಿಯವಾಯಿತು. ಸೂತ್ರ ಕೆಟ್ಟದ್ದಲ್ಲ. ಆದರೆ ಶಾಂಪೂ ಅಗತ್ಯವೋ ಬಯಕೆಯೋ ಅಂತ ಯಾರು ಹೇಳಬೇಕು ಅನ್ನೋದು ಆ ಸೂತ್ರದಲ್ಲಿಲ್ಲ. ಒಬ್ಬನೇ ಇದ್ದರೆ ಪ್ರಶ್ನೆಯೇ ಏಳೋದಿಲ್ಲ. ಮನೇಲಿ ಐದು ಜನ ಇದ್ದರೆ ಮೊದಲು ಏಳಬೇಕಾದ ಪ್ರಶ್ನೆ ಅದೇ.

ಇನ್ನು ‘ತಿಂಗಳ ಬಜೆಟ್’ ಅನ್ನೋದೇ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಬಹಳ ಮನೆಗಳಿಗೆ ಒಗ್ಗೋದಿಲ್ಲ. ಪಗಾರ ಇದ್ದವರಿಗೆ ತಿಂಗಳು, ಹೊಲ ಇದ್ದವರಿಗೆ ಹಂಗಾಮು. ಹತ್ತಿ, ಸೋಯಾ, ಗೋವಿನಜೋಳ, ಕಡಲೆ, ಕಬ್ಬು. ಮಾರಿದಾಗ ರೊಕ್ಕ, ಉಳಿದ ದಿನ ಉದ್ರಿ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ನಮ್ಮ ಕಡೆ ಯಾರಿಗಾದರೂ ಇದನ್ನು ಹೇಳಿ ನೋಡಿ, ನಗ್ತಾರೆ. ಹೀಗೆ ರೊಕ್ಕ ಬರುವ ದಿನ ಗೊತ್ತಿಲ್ಲದ ಮನೆಯಲ್ಲಿ ಯಾರೋ ಒಬ್ಬರು ದಿನಾ ‘ಇವತ್ತಿಗೆ ಸಾಕು’ ಅನ್ನಲೇಬೇಕಾಗುತ್ತದೆ.

2022-23ರ ರಾಷ್ಟ್ರೀಯ ವೆಚ್ಚ ಸಮೀಕ್ಷೆ ಪ್ರಕಾರ ಗ್ರಾಮೀಣ ಭಾರತದಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 3,773 ರೂಪಾಯಿ. ಐದು ಜನರ ಮನೆಗೆ ಹತ್ತಿರ ಹತ್ತಿರ 18,900. ಅದರಲ್ಲಿ ಶೇ. 46ಕ್ಕಿಂತ ಸ್ವಲ್ಪ ಹೆಚ್ಚು ಊಟಕ್ಕೇ ಹೋಗುತ್ತದೆ. ಉಳಿದದ್ದರಲ್ಲಿ ಬಟ್ಟೆ, ಔಷಧ, ಫೋನ್, ಬಸ್ಸು, ಶಾಲೆ, ಸಬಕಾರ, ಫಿನಾಯಿಲ್. ಅದೇ ಸಮೀಕ್ಷೆಯ ಒಂದು ಸಾಲು ನನ್ನ ತಲೆಯಿಂದ ಹೋಗಿಲ್ಲ: ಹಳ್ಳಿಗಳಲ್ಲಿ ಪಾನ್, ತಂಬಾಕು, ಮದ್ಯ ಇತ್ಯಾದಿಗೆ ಹೋಗೋದು ಶೇ. 3.79, ಶಿಕ್ಷಣಕ್ಕೆ 3.30. ಗುಟ್ಕಾ ಚೀಟು ಎಂದಾದರೂ ಸಂತೆ ಚೀಟಿಯಲ್ಲಿ ಬರೆದದ್ದನ್ನು ನೋಡಿದ್ದೀರಾ? ಅದು ಚೀಟಿಗಿಂತ ಮೊದಲೇ, ಅಂಗಿಯ ಕಿಸೆಯಲ್ಲೇ ಖರ್ಚಾಗಿರುತ್ತದೆ. ಕಿಸೆಗೆ ಲೆಕ್ಕ ಇಲ್ಲ, ಡಬ್ಬಿಗೆ ಮಾತ್ರ ಇದೆ.

ಉಳಿತಾಯದ ಮಾತು ಬಂದಾಗ ನಮ್ಮ ಕಡೆ ಮಠದ ಪ್ರವಚನದಲ್ಲಿ ತಪ್ಪದೆ ಬರೋದು ಆಯ್ದಕ್ಕಿ ಲಕ್ಕಮ್ಮನ ಕಥೆ. ಹನ್ನೆರಡನೇ ಶತಮಾನದ ಶರಣೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ಬೇಡ, ಹೆಚ್ಚಿನದ್ದನ್ನು ಎಲ್ಲಿಂದ ತಂದಿಯೋ ಅಲ್ಲೇ ಹಾಕಿ ಬಾ ಅಂತ ಅವಳು ವಾಪಸ್ ಕಳಿಸಿದಳು. ಶಾಲೆಯಲ್ಲೂ ಓದಿದ್ದೇವೆ. ಆಸೆ ಕೆಟ್ಟದ್ದು, ಇದ್ದುದರಲ್ಲಿ ತೃಪ್ತಿಪಡು ಅಂತ ಪಾಠ. ಅದನ್ನು ಕೇಳಿಸಿಕೊಳ್ಳುವವರು ಹೆಚ್ಚಾಗಿ ಹೆಣ್ಣುಮಕ್ಕಳು.

ನನಗೆ ಆ ಕಥೆಯಲ್ಲಿ ಬೇರೆಯದೇ ದೊಡ್ಡದಾಗಿ ಕಾಣುತ್ತದೆ. ‘ಸಾಕು’ ಅಂದವಳು ಲಕ್ಕಮ್ಮ. ಅವಳಿಗೆ ಯಾರೂ ‘ಸಾಕು’ ಅಂದಿಲ್ಲ. ತಮ್ಮ ಮನೆಗೆ ಎಷ್ಟು ಬೇಕು ಅಂತ ಅಳೆದವಳು ಅವಳೇ, ಗಂಡನನ್ನು ವಾಪಸ್ ಕಳಿಸುವ ಅಧಿಕಾರವೂ ಅವಳಿಗಿತ್ತು. ಅದೇ ಮಾತನ್ನು ಮಾರಯ್ಯ ಲಕ್ಕಮ್ಮನಿಗೆ ಹೇಳಿದ್ದರೆ ಕಥೆ ಎಂಟು ನೂರು ವರ್ಷ ಉಳೀತಿರಲಿಲ್ಲ. ಅದು ಎಲ್ಲ ಮನೆಯಲ್ಲೂ ದಿನಾ ನಡೆಯೋದೇ. ನನ್ನ ಬಗ್ಗೆ ನಾನು ‘ಸಾಕು’ ಅಂದರೆ ಅದು ಮಿತ. ಇನ್ನೊಬ್ಬರ ತಲೆಗೆ ಹಾಕೋ ಎಣ್ಣೆ ಬಗ್ಗೆ ನಾನು ‘ಸಾಕು’ ಅಂದರೆ ಅದು ಆಳ್ವಿಕೆ. ಎರಡಕ್ಕೂ ನಾವು ‘ಕಾಟಕಸರು’ ಅಂತ ಒಂದೇ ಹೆಸರಿಟ್ಟುಕೊಂಡಿದ್ದೇವೆ.

ಹಾಗಾಗಿ ಡಬ್ಬಿಯ ರೊಕ್ಕ ಕಳವು ಅಲ್ಲ ಅಂತ ನನ್ನ ವಾದ. ಕೇಳಿ ಪಡೆಯುವ ದಾರಿ ಇದ್ದೂ ಕೇಳದೆ ತಗೊಂಡರೆ ಕಳವು. ದಾರಿಯೇ ಇಲ್ಲದ ಮನೆಯಲ್ಲಿ, ತಾನೂ ದುಡಿದ ಹೊಲದ ರೊಕ್ಕದಲ್ಲಿ ತನಗೆ ಬೇಕಾದ ಒಂದು ಸಾಮಾನನ್ನು ಸಕ್ಕರೆಯ ಹೆಸರಲ್ಲಿ ತಂದರೆ, ಸುಳ್ಳಿನ ಪಾಪ ಅವಳಿಗಿಂತ ಹೆಚ್ಚು ಆ ಮನೆಗೆ. ಆದರೂ ಅವಳಿಗೇನೂ ನಷ್ಟ ಇಲ್ಲ ಅಂತಲ್ಲ. ಅಂಗಡಿಯವನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಅವನು ಒಳ್ಳೆಯವನಾಗಿದ್ದರೆ ಸರಿ.

ಅರ್ಥಶಾಸ್ತ್ರದಲ್ಲೂ ಬಹಳ ಕಾಲ ಮನೆ ಅಂದ್ರೆ ಒಂದೇ ಮನಸ್ಸಿರುವ ಒಬ್ಬ ವ್ಯಕ್ತಿ ಅಂತ ಲೆಕ್ಕ ಹಾಕುತ್ತಿದ್ದರು. ಹಾಗಲ್ಲ, ಮನೆಯೊಳಗೆ ಸಹಕಾರವೂ ಇದೆ, ಜಗ್ಗಾಟವೂ ಇದೆ ಅಂತ ವಿವರಿಸಿದವರಲ್ಲಿ ಅಮರ್ತ್ಯ ಸೇನ್ ಒಬ್ಬರು. ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಗೆ ಮಕ್ಕಳ ಭತ್ಯೆ ಅಪ್ಪನ ಪಗಾರದೊಳಗೆ ಸೇರುವುದು ನಿಂತು ಅವ್ವನ ಕೈಗೆ ಹೋಗತೊಡಗಿತು. ಆಮೇಲೆ ಗಂಡಸರ ಬಟ್ಟೆಗೆ ಹೋಲಿಸಿದರೆ ಹೆಂಗಸರ ಮತ್ತು ಮಕ್ಕಳ ಬಟ್ಟೆಯ ಖರ್ಚು ಹೆಚ್ಚಾಯಿತು ಅಂತ 1997ರ ಒಂದು ಅಧ್ಯಯನ ತೋರಿಸಿತು. ರೊಕ್ಕ ಅಷ್ಟೇ, ಮನೆ ಅದೇ, ಕೈ ಮಾತ್ರ ಬೇರೆ.

ನಮ್ಮಲ್ಲಿ 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಗಿ, ಮನೆಯೊಡತಿ ಹೆಸರಿಗೆ ತಿಂಗಳಿಗೆ 2,000 ಬರತೊಡಗಿದ ಮೇಲೆ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ ಮಾತು: ‘ಫ್ರೀ ದುಡ್ಡು, ಸೋಪು, ಪೌಡರು, ಸೀರೆಗೆ ಖರ್ಚು ಮಾಡ್ತಾರೆ ಅಷ್ಟೇ.’ ಅಂದವನ ಕೈಯಲ್ಲಿದ್ದದ್ದು ಇನ್ನೂರು ಚಿಲ್ಲರೆಯ ಕಾಫಿ. ಯೋಜನೆಯ ಖರ್ಚು ಬೊಕ್ಕಸಕ್ಕೆ ಎಷ್ಟು ಭಾರ ಅಂತ ಚರ್ಚೆ ಮಾಡಬಹುದು, ಮಾಡಲೇಬೇಕು. ಸೋಪು ತಗೊಂಡಳು ಅನ್ನೋದು ಮಾತ್ರ ಆ ಚರ್ಚೆಗೆ ಸಾಕ್ಷಿ ಅಲ್ಲ. ಸರ್ಕಾರವೂ ಇದೇ ಸ್ವಭಾವದ್ದೇ ಅನ್ನಿ. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೆ 2023ರ ಜುಲೈನಿಂದ ತಲೆಗೆ 170 ರೂಪಾಯಿ ಹಾಕುತ್ತಿದ್ದರು. ರೊಟ್ಟಿ ತಿನ್ನೋ ನಮ್ಮ ನಾಡಿನಲ್ಲಿ ಅದರಿಂದ ಜೋಳ ತರಬಹುದಿತ್ತು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ ಬಂತು. ಯಾವುದು ಬೇಕು ಅಂತ ರೊಟ್ಟಿ ಬಡಿಯುವವಳನ್ನು ಯಾರು ಕೇಳಿದರು?

‘ಹಂಗಾದ್ರ ಎಲ್ಲಾರೂ ತಮಗ ಬೇಕಾದ್ದ ತಗೊಂಡ್ರ ಮನಿ ನಡಿತೈತೇನ?’ ಅಂತ ಅಪ್ಪನ ವಯಸ್ಸಿನವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಮೊತ್ತಕ್ಕೆ ಮಿತಿ ಇರಲೇಬೇಕು. ಅದನ್ನು ಗಂಡನಲ್ಲ, ಹೊಲವೇ ಹಾಕುತ್ತದೆ. ಮೊತ್ತಕ್ಕೆ ಮಿತಿ ಹಾಕೋದು ಬೇರೆ, ಒಂದೊಂದು ಸಾಮಾನಿಗೂ ಅಪ್ಪಣೆ ಕೇಳಿಸೋದು ಬೇರೆ. ಹಾಗಾದರೆ ಗುಟ್ಕಾಕ್ಕೂ ಅಪ್ಪಣೆ ಬೇಡವೇ? ಇಲ್ಲಿ ನನ್ನ ವಾದ ಸ್ವಲ್ಪ ಕುಂಟುತ್ತದೆ, ಒಪ್ಪುತ್ತೇನೆ. ‘ನನಗೆಷ್ಟು ಸಾಕು ಅಂತ ನಾನೇ ಹೇಳ್ತೀನಿ’ ಅನ್ನೋ ಹಕ್ಕು ಅವನಿಗೂ ಬರುತ್ತದೆ. ನಾನು ಕೇಳೋದು ಇಷ್ಟೇ: ಅದನ್ನೂ ಚೀಟಿಯಲ್ಲಿ ಬರೀರಿ. ತೊಗರಿಬೇಳೆಯ ಕೆಳಗೆ, ತಿಂಗಳಿಗೆ ಇಷ್ಟು ಅಂತ, ಎಲ್ಲರಿಗೂ ಕಾಣುವ ಹಾಗೆ. ಪ್ಯಾಡೂ ಅದೇ ಚೀಟಿಯಲ್ಲಿ, ಅದರದ್ದೇ ಹೆಸರಲ್ಲಿ. ಹಾಗೆ ಬರೆದ ಮನೆಯಲ್ಲಿ ಯಾವುದು ಮೊದಲು ಕಡಿಮೆಯಾಗುತ್ತದೆ ಅಂತ ನೋಡುವ ಆಸೆ ನನಗಿದೆ.

ನಗರದಲ್ಲಿ ಇದೆಲ್ಲ ಇಲ್ಲ ಅಂದುಕೊಳ್ಳಬೇಡಿ. ಇಬ್ಬರೂ ದುಡಿಯುವ ಮನೆಗಳ ಶೀಟಿನಲ್ಲೂ ಅವಳ ಫೇಸ್‌ವಾಶ್ ‘ಪರ್ಸನಲ್’ ಕಾಲಮ್ಮಿನಲ್ಲಿ, ಅವನ ಹೆಡ್‌ಫೋನ್ ‘ಎಲೆಕ್ಟ್ರಾನಿಕ್ಸ್’ನಲ್ಲಿ ಇರುತ್ತದೆ. ಯಾವುದಕ್ಕೆ ವಿವರಣೆ ಕೊಡಬೇಕಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಈಗ ಹೊಸದೊಂದು ಸೇರಿಕೊಂಡಿದೆ. ಖಾತೆ ಅವ್ವನ ಹೆಸರಲ್ಲಿ; ಆದರೆ ತೆಗೆಸುವಾಗ ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ಮಗನದು, ಯಾಕಂದ್ರೆ ಆಗ ಅವ್ವನ ಹತ್ರ ಫೋನ್ ಇರಲಿಲ್ಲ. ಶಕ್ತಿ ಬಸ್ಸು ಹತ್ತಿ ಬಂದ ಅವ್ವ ಬೈಲಹೊಂಗಲದಲ್ಲಿ 500 ತೆಗೆದರೆ ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿರುವ ಮಗನ ಫೋನ್ ಟಿಂಗ್ ಅನ್ನುತ್ತದೆ. ಅವನು ಕೆಟ್ಟವನಲ್ಲ. ಸಂಜೆ ಫೋನ್ ಮಾಡಿ ಅಕ್ಕರೆಯಿಂದಲೇ ಕೇಳ್ತಾನೆ: ‘ಬೇ, ಐದನೂರ ಯಾತಕ್ಕ ಬೇಕಾಗಿತ್ತ?’ ಸಾಸಿವೆ ಡಬ್ಬಿಯಲ್ಲಿ ಎಷ್ಟಿದೆ ಅಂತ ಅವನ ಅಪ್ಪನಿಗೂ ಗೊತ್ತಿರಲಿಲ್ಲ.

ನಂಬರ್ ಬದಲಿಸೋದು ದೊಡ್ಡ ಕೆಲಸ ಅಲ್ಲ. ಅವ್ವನನ್ನು ಕರಕೊಂಡು ಶಾಖೆಗೆ ಹೋಗಿ ಒಂದು ಅರ್ಜಿ, ಆಧಾರ್ ಪ್ರತಿ, ಸಹಿ ಇಲ್ಲವೇ ಹೆಬ್ಬೆಟ್ಟು. ನಮ್ಮ ತಾಲೂಕಿನ ಹನ್ನೊಂದು ಗೆಳೆಯರು ಬೆಂಗಳೂರಿನಲ್ಲಿದ್ದೇವೆ, ಹೆಚ್ಚು ಕಡಿಮೆ ಎಲ್ಲರೂ ಬಿಇ ಓದಿದವರು. ಹೋದ ದೀಪಾವಳಿಗೆ ಊರಿಗೆ ಹೋಗುವ ಮುಂಚೆ ಇದೇ ಮಾತಾಡಿಕೊಂಡಿದ್ದೆವು. ಬದಲಿಸಿ ಬಂದವರು ಇಬ್ಬರು.