ಎಲೆಗಳಡಿಯ ಮೌನ

ಇಚ್ಛೆಯಿಲ್ಲದೆ ಸಂಭವಿಸಿದ ಕೆಡುಕಿಗೆ ಮನುಷ್ಯನು ಹೊಣೆಗಾರನೇ? ಪ್ರಶ್ನೆ ಪುರಾತನವಾದುದು. ಅರಿಯದೆ ತಪ್ಪೆಸಗಿ ಅನಂತರ ನೊಂದುಕೊಳ್ಳುವವನನ್ನೂ ನೊಂದುಕೊಳ್ಳದವನನ್ನೂ ಅರಿಸ್ಟಾಟಲನು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಮನಸ್ಸಿನ ಸಮ್ಮತಿಯಿಲ್ಲದೆ ಪಾಪವಿಲ್ಲವೆಂದು ಸಂತ ತೋಮಸ್ ಅಕ್ವಿನಾಸರೂ ಬೋಧಿಸಿದರು.

2017ರಲ್ಲಿ ತೆರೆಕಂಡ ‘ಸೂಪರ್ ಡಾರ್ಕ್ ಟೈಮ್ಸ್’ ಎಂಬ ಅಮೆರಿಕದ ಚಿತ್ರ ಈ ಪ್ರಶ್ನೆಯನ್ನು ಹದಿಹರೆಯದ ಹುಡುಗರ ಮುಂದಿಡುತ್ತದೆ. ದೊಡ್ಡ ತಾರೆಗಳಿಲ್ಲದೆ ಅಲ್ಪ ವೆಚ್ಚದಲ್ಲಿ ತಯಾರಾದ ಇದು ಕೆವಿನ್ ಫಿಲಿಪ್ಸ್ ಅವರ ಮೊದಲ ಕಥಾಚಿತ್ರ. ರಕ್ತಪಾತವೂ ಹೊಲಸು ಮಾತೂ ಧಾರಾಳವಾಗಿರುವುದರಿಂದ ಮಕ್ಕಳೊಡನೆ ಕುಳಿತು ನೋಡತಕ್ಕದ್ದಲ್ಲ. ಹೆತ್ತವರು ಅದರ ಕಥೆಯನ್ನಾದರೂ ತಿಳಿದಿರುವುದು ಒಳಿತು.

ಕಾಲ 1990ರ ದಶಕದ ಮಧ್ಯಭಾಗ. ಝ್ಯಾಕ್ ಮತ್ತು ಜಾಶ್ ಆಪ್ತಮಿತ್ರರು. ಜಾಶನ ಅಣ್ಣನ ಕೋಣೆಯಲ್ಲಿದ್ದ ಜಪಾನೀ ಕತ್ತಿಯನ್ನು ಹಿಡಿದು ಇನ್ನಿಬ್ಬರೊಡನೆ ಬಯಲಿಗೆ ಹೋಗಿ, ಹಾಲಿನ ಡಬ್ಬಿಗಳನ್ನು ಕಡಿಯುತ್ತ ಆಟವಾಡುತ್ತಾರೆ. ಮಾತಿಗೆ ಮಾತು ಬೆಳೆಯುತ್ತದೆ, ಕೈ ಕೈ ಮಿಲಾಯಿಸುತ್ತದೆ, ಡ್ಯಾರಿಲ್ ಎಂಬ ಹುಡುಗ ಕತ್ತಿಯ ಅಲಗಿಗೆ ಸಿಕ್ಕಿ ಸಾಯುತ್ತಾನೆ. ಯಾರೂ ಕೊಲ್ಲಬೇಕೆಂದು ಬಯಸಿರಲಿಲ್ಲ. ಉಳಿದ ಮೂವರು ಶವದ ಮೇಲೆ ಒಣಗಿದ ಎಲೆಗಳನ್ನು ಮುಚ್ಚಿ, ಯಾರಿಗೂ ಹೇಳಬಾರದೆಂದು ಒಪ್ಪಿಕೊಳ್ಳುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಕತ್ತಿ ತಗುಲಿದ ಕ್ಷಣದಲ್ಲಿ ಕೊಲ್ಲುವ ಮನಸ್ಸಿರಲಿಲ್ಲ, ಆದರೆ ಎಲೆಗಳನ್ನು ಎಳೆದು ಹಾಕಿದ ಕೈಗಳ ಹಿಂದೆ ಮನಸ್ಸಿತ್ತು. ಭಯದಿಂದ ಮಾಡಿದರೆನ್ನಬಹುದು. ಭಯವು ಹೊಣೆಯನ್ನು ಹಗುರಗೊಳಿಸುತ್ತದೆಯೆಂಬುದು ನಿಜ, ಸಂಪೂರ್ಣವಾಗಿ ಇಳಿಸುವುದಿಲ್ಲ. ಭಯವಾದರೂ ಮೊದಲ ದಿನದ್ದು. ಮರುದಿನವೂ ಅದರ ಮರುದಿನವೂ ಬಾಯಿ ತೆರೆಯದಿರುವುದು ಪ್ರತಿಸಲವೂ ಹೊಸದಾಗಿ ಮಾಡಿಕೊಂಡ ಆಯ್ಕೆಯಲ್ಲವೇ? ಕೆಡುಕನ್ನು ಅಡಗಿಸಲು ಕೊಟ್ಟ ಮಾತು ಯಾರನ್ನೂ ಕಟ್ಟಿಹಾಕಲಾರದು. ಹುಡುಗರಾದರೋ ಅದನ್ನೇ ಗೆಳೆತನವೆಂದು ನಂಬುತ್ತಾರೆ. ಝ್ಯಾಕ್ ಒಳಗೊಳಗೇ ಬೇಯುತ್ತಾನೆ. ಜಾಶ್ ಮುಂದೆ ನಿಜವಾಗಿಯೂ ಕೊಲೆಗಿಳಿಯುತ್ತಾನೆ, ಈ ಸಲ ಆಕಸ್ಮಿಕವಾಗಿ ಅಲ್ಲ.

ನಿರ್ದೇಶಕರಿಗೆ ಆ ದಶಕ ಅನುಕೂಲವೂ ಹೌದು. ಎಲ್ಲರ ಜೇಬಿನಲ್ಲೂ ಮೊಬೈಲ್ ಇದ್ದಿದ್ದರೆ ಇಂಥ ಅರ್ಧಕ್ಕರ್ಧ ಥ್ರಿಲ್ಲರ್‌ಗಳು ಹತ್ತು ನಿಮಿಷಕ್ಕೇ ಮುಗಿದುಹೋಗುತ್ತಿದ್ದವು! ಆದರೆ ಮಕ್ಕಳು ನಮ್ಮೊಡನೆ ಮಾತನಾಡದಿರುವುದಕ್ಕೆ ಮೊಬೈಲನ್ನೇ ದೂರುವ ನಮಗೆ ಆ ಕಾಲವೇ ಒಂದು ಪ್ರಶ್ನೆಯಾಗುತ್ತದೆ. ಆ ಹುಡುಗರು ಸೈಕಲ್ ತುಳಿದವರು, ಸಂಜೆ ಮನೆಗೆ ಮರಳುತ್ತಿದ್ದವರು. ಝ್ಯಾಕ್‌ನ ತಾಯಿ ಒಂಟಿಯಾಗಿ ಮಗನನ್ನು ಸಾಕಿದವಳು, ಅವನನ್ನು ಪ್ರೀತಿಸುವವಳು. ಅಂಥವಳ ಸೂರಿನಡಿಯಲ್ಲೇ ಅವನು ಇಷ್ಟು ದೊಡ್ಡ ಸುದ್ದಿಯನ್ನು ಹೊತ್ತು ಓಡಾಡುತ್ತಾನೆ. ನಮ್ಮ ಮನೆಯ ಹುಡುಗನಿಗೆ, ‘ಅಮ್ಮಾ, ಒಂದು ಅನಾಹುತವಾಗಿದೆ’ ಎನ್ನುವ ಧೈರ್ಯವಿದೆಯೇ? ಅಂಕ ಕಡಿಮೆ ಬಂದಾಗ, ಗಾಜು ಒಡೆದಾಗ ನಮ್ಮಿಂದ ಅವನು ಕೇಳಿಸಿಕೊಂಡ ಮೊದಲ ಮಾತು ಯಾವುದು?

ಡ್ಯಾರಿಲ್‌ಗೂ ಒಂದು ಮನೆಯಿತ್ತು. ಚಿತ್ರ ಅದರೊಳಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನನಗದು ಅದರ ಕೊರತೆಯಾಗಿಯೇ ಕಂಡಿತು. ಮೂವರು ಹುಡುಗರು ಬಾಯಿ ಬಿಗಿದುಕೊಂಡಿದ್ದ ಅಷ್ಟು ದಿನವೂ ಆ ಮನೆಯವರಿಗೆ ಮಗ ಬದುಕಿದ್ದಾನೋ ಇಲ್ಲವೋ ಎಂಬುದೂ ತಿಳಿದಿರಲಿಲ್ಲ.